ಕರ್ನಾಟಕದ ಜೈನ ಶಾಸಕರು, ಸಂಸದರು: ಕ್ಷೇತ್ರ, ಹಿನ್ನೆಲೆ, ವಹಿಸಿಕೊಂಡ ಖಾತೆ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ರಾಜ್ಯದ ಒಟ್ಟು ಜನಸಂಖ್ಯೆಯಲ್ಲಿ ಇದು ಶೇ. 0.72. ವಿಧಾನಸಭೆಯ 224 ಸ್ಥಾನಗಳಿಗೆ ಇದೇ ಲೆಕ್ಕ ಹಿಡಿದರೆ ಸಮಾಜದ ಪಾಲಿಗೆ ಒಂದೂವರೆ ಸ್ಥಾನದಷ್ಟು ಬರುತ್ತದೆ. 2023ರ ಚುನಾವಣೆಯಲ್ಲಿ ಬೆಳಗಾವಿ ದಕ್ಷಿಣದಿಂದ ಅಭಯ ಪಾಟೀಲ, ಹಿರಿಯೂರಿನಿಂದ ಡಿ. ಸುಧಾಕರ್ ಗೆದ್ದು ಬಂದರು. ಜಮಾ ಖರ್ಚು ತಾಳೆಯಾಯಿತು ಎಂದು ವಹಿ ಮುಚ್ಚಿಡಬಹುದು. ಆದರೆ ಗೆಲುವು ಬಂದದ್ದು ಈ ಲೆಕ್ಕದಿಂದಲ್ಲ.

ಆ ನಾಲ್ಕು ಲಕ್ಷ ನಲವತ್ತು ಸಾವಿರ ಜನ ಒಂದೇ ಕಡೆ ಇಲ್ಲ. ಬೆಳಗಾವಿ ಜಿಲ್ಲೆಯ ಕೃಷ್ಣಾ, ಘಟಪ್ರಭಾ ಕಡೆಯ ಹಳ್ಳಿಗಳಲ್ಲಿ ಒಕ್ಕಲುತನ ಮಾಡುವವರಿದ್ದಾರೆ. ತುಳುನಾಡಿನಲ್ಲಿ ಬಸದಿಗಳ ಸುತ್ತ ಹಳೆಯ ಮನೆತನಗಳಿವೆ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಪೇಟೆಗಳಲ್ಲಿ ರಾಜಸ್ಥಾನ, ಗುಜರಾತ್ ಮೂಲದ ವ್ಯಾಪಾರಿ ಕುಟುಂಬಗಳಿವೆ. ಉಳಿದವರು ಊರಿಗೆ ನಾಲ್ಕು ಮನೆ, ಎಂಟು ಮನೆ ಎಂಬಂತೆ ಹರಡಿಕೊಂಡಿದ್ದಾರೆ. ಒಂದು ವಿಧಾನಸಭಾ ಕ್ಷೇತ್ರದಲ್ಲಿ ಸರಾಸರಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರಿರುತ್ತಾರೆ. ಸಮಾಜದ ಮತವನ್ನೇ ನೆಚ್ಚಿಕೊಂಡು ಗೆಲ್ಲಬಹುದಾದ ಕ್ಷೇತ್ರ ರಾಜ್ಯದಲ್ಲಿ ಒಂದೂ ಇಲ್ಲ. ಮೀಸಲಾತಿಯೂ ಇಲ್ಲ. 224ರಲ್ಲಿ 36 ಸ್ಥಾನ ಪರಿಶಿಷ್ಟ ಜಾತಿಗೆ, 15 ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಪಸಂಖ್ಯಾತರೆಂದು ವಿಧಾನಸಭೆಯಲ್ಲಾಗಲಿ ಲೋಕಸಭೆಯಲ್ಲಾಗಲಿ ಯಾವ ಸ್ಥಾನವನ್ನೂ ಕಾದಿರಿಸಿಲ್ಲ. ಹಾಗಾಗಿ ಇದುವರೆಗೆ ಗೆದ್ದ ಪ್ರತಿಯೊಬ್ಬ ಜೈನ ಶಾಸಕರೂ ಬಹುಪಾಲು ಇತರ ಸಮಾಜಗಳವರ ಮತದಿಂದಲೇ ಗೆದ್ದವರು.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಅಡ್ಡಹೆಸರು ನೋಡಿ ಪಟ್ಟಿ ಮಾಡಬಾರದು. ಕರಾವಳಿಯಲ್ಲಿ ಶೆಟ್ಟಿ, ಹೆಗ್ಡೆ, ಬಲ್ಲಾಳ ಎಂಬ ಹೆಸರುಗಳು ಜೈನರಲ್ಲೂ ಇವೆ, ಬೇರೆ ಸಮಾಜಗಳಲ್ಲೂ ಇವೆ. ಬೆಳಗಾವಿ ಕಡೆ ಪಾಟೀಲ ಎಂದರೆ ಜೈನ, ಲಿಂಗಾಯತ, ಮರಾಠ ಯಾರೂ ಆಗಿರಬಹುದು. ಚುನಾವಣೆ ಮುಗಿದ ಮರುದಿನ ಮೊಬೈಲಿನಲ್ಲಿ ಹರಿದಾಡುವ 'ನಮ್ಮ ಸಮಾಜದ ಶಾಸಕರು' ಪಟ್ಟಿಗಳಲ್ಲಿ ಅರ್ಧಕ್ಕರ್ಧ ಈ ತಪ್ಪು ಇರುತ್ತದೆ. ಇಲ್ಲಿ ಎಲ್ಲ ಹೆಸರುಗಳೂ ಬಂದಿಲ್ಲ. ಸಾರ್ವಜನಿಕವಾಗಿ ಗೊತ್ತಿರುವ, ಖಚಿತವಾದ ಹೆಸರುಗಳನ್ನು ಮಾತ್ರ ತೆಗೆದುಕೊಂಡಿದೆ.

ತುಳುನಾಡು

ವೇಣೂರು ಎಂದರೆ 1604ರಲ್ಲಿ ಅಜಿಲ ಅರಸರು ನಿಲ್ಲಿಸಿದ ಬಾಹುಬಲಿ ಮೂರ್ತಿ ನೆನಪಾಗುತ್ತದೆ. ಅದೇ ಊರಿನವರು ವಿ. ಧನಂಜಯ ಕುಮಾರ್. 1951ರಲ್ಲಿ ಜನಿಸಿದ ಅವರು 1983ರಲ್ಲಿ ಮಂಗಳೂರಿನಿಂದ ಭಾರತೀಯ ಜನತಾ ಪಕ್ಷದ ಶಾಸಕರಾದರು. ಆ ವರ್ಷ ರಾಜ್ಯದಲ್ಲಿ ಆ ಪಕ್ಷಕ್ಕೆ ಬಂದದ್ದು 18 ಸ್ಥಾನ ಮಾತ್ರ. 1991ರಲ್ಲಿ ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿ ಜನಾರ್ದನ ಪೂಜಾರಿಯವರನ್ನು ಸೋಲಿಸಿದರು. ಪೂಜಾರಿ ಅಲ್ಲಿ 1977ರಿಂದ ಸತತವಾಗಿ ಗೆದ್ದು ಬಂದಿದ್ದವರು, ಕೇಂದ್ರದಲ್ಲಿ ಮಂತ್ರಿಯಾಗಿದ್ದವರು. ಆಗಿನ ಮಂಗಳೂರು ಕ್ಷೇತ್ರದಲ್ಲಿ ಕೊಡಗು ಜಿಲ್ಲೆಯೂ ಸೇರಿತ್ತು. ಕರಾವಳಿಯಿಂದ ಕಾಫಿ ತೋಟಗಳವರೆಗಿನ ಈ ಕ್ಷೇತ್ರವನ್ನು ಧನಂಜಯ ಕುಮಾರ್ 1991, 1996, 1998, 1999 ಹೀಗೆ ನಾಲ್ಕು ಬಾರಿ ಪ್ರತಿನಿಧಿಸಿದರು.

1996ರ ಮೇ ತಿಂಗಳಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರ 13 ದಿನಗಳ ಸರ್ಕಾರದಲ್ಲಿ ನಾಗರಿಕ ವಿಮಾನಯಾನ ಮತ್ತು ಪ್ರವಾಸೋದ್ಯಮ ಸಚಿವರಾಗಿದ್ದವರು ಇವರೇ. ಖಾತೆಯ ಕಡತ ತೆರೆಯುವಷ್ಟರಲ್ಲಿ ಸರ್ಕಾರ ಹೋಯಿತು. 1999ರ ನಂತರ ಹಣಕಾಸು, ಆಮೇಲೆ ಜವಳಿ ಖಾತೆಯ ರಾಜ್ಯ ಸಚಿವರಾಗಿದ್ದರು. 2004ರಲ್ಲಿ ಮಂಗಳೂರಿನಿಂದ ಅದೇ ಪಕ್ಷದ ಡಿ.ವಿ. ಸದಾನಂದ ಗೌಡ ಲೋಕಸಭೆಗೆ ಹೋದರು. ಧನಂಜಯ ಕುಮಾರ್ 2019ರ ಮಾರ್ಚ್ 4ರಂದು ನಿಧನರಾದರು. ರಾಜಕೀಯವಾಗಿ ಸಮಾಜದವರೊಬ್ಬರು ಇಷ್ಟು ದೂರ ಹೋದದ್ದು ತುಳುನಾಡಿನಲ್ಲಿ ಅಪರೂಪ. ಹೊಸ ತಲೆಮಾರಿನವರಲ್ಲಿ ಅನೇಕರಿಗೆ ಅವರ ಹೆಸರು ಗೊತ್ತಿಲ್ಲ ಎಂಬುದು ಬೇಸರದ ಸಂಗತಿ.

ಮೂಡುಬಿದಿರೆಯನ್ನು ಜೈನ ಕಾಶಿ ಎನ್ನುತ್ತಾರೆ. ಸಾವಿರ ಕಂಬದ ಬಸದಿ ಸೇರಿ 18 ಬಸದಿಗಳಿರುವ ಊರು. ಆದರೆ ಮತಪಟ್ಟಿ ನೋಡಿದರೆ ಇಲ್ಲಿಯೂ ಜೈನರು ಸಣ್ಣ ಸಂಖ್ಯೆಯವರೇ. ಈ ಕ್ಷೇತ್ರದಿಂದ ಕೆ. ಅಭಯಚಂದ್ರ ಜೈನ್ ಕಾಂಗ್ರೆಸ್ ಪಕ್ಷದಿಂದ 1999, 2004, 2008, 2013ರಲ್ಲಿ ಗೆದ್ದರು. ಹೆಸರಿನಲ್ಲೇ ಜೈನ್ ಎಂದು ಇಟ್ಟುಕೊಂಡು, ಮುಚ್ಚುಮರೆಯಿಲ್ಲದೆ, ಬಿಲ್ಲವರು, ಬಂಟರು, ಮೊಗವೀರರು, ಕ್ರೈಸ್ತರು, ಮುಸ್ಲಿಮರು ಎಲ್ಲರೂ ಇರುವ ಕ್ಷೇತ್ರದಲ್ಲಿ ಸತತ ನಾಲ್ಕು ಸಲ ಗೆಲ್ಲುವುದು ಸಣ್ಣ ಮಾತಲ್ಲ.

2013ರಲ್ಲಿ ಸಿದ್ದರಾಮಯ್ಯನವರ ಮಂತ್ರಿಮಂಡಲದಲ್ಲಿ ಅವರಿಗೆ ಸಿಕ್ಕಿದ್ದು ಯುವಜನ ಸೇವೆ ಮತ್ತು ಕ್ರೀಡೆ, ಜೊತೆಗೆ ಮೀನುಗಾರಿಕೆ. ಅಹಿಂಸೆಯೇ ಪರಮಧರ್ಮ ಎನ್ನುವ ಸಮಾಜದವರಿಗೆ ಮೀನುಗಾರಿಕೆ ಖಾತೆಯೇ ಎಂದು ಮುಖ ಸಿಂಡರಿಸುವವರು ಇರಬಹುದು. ಯೋಚಿಸಿ ನೋಡಬೇಕಾದ ವಿಷಯ ಇದು. ಮೂಲ್ಕಿಯ ಕಡಲ ತೀರವೂ ಸೇರಿರುವ ಕ್ಷೇತ್ರದ ಶಾಸಕರು ಅವರು. ದೋಣಿಗಳಿಗೆ ತೆರಿಗೆ ವಿನಾಯಿತಿಯ ಡೀಸೆಲ್, ಬಂದರುಗಳ ಹೂಳು, ಸಮುದ್ರದಲ್ಲಿ ಸತ್ತವರ ಮನೆಯವರಿಗೆ ಪರಿಹಾರ, ಇವೆಲ್ಲ ಆ ಇಲಾಖೆಯ ಕೆಲಸ. ಮತ ಕೊಟ್ಟ ಮೊಗವೀರರ ಬದುಕನ್ನು ನೋಡಿಕೊಳ್ಳುವುದಿಲ್ಲ ಎಂದು ಶಾಸಕರಾದವರು ಹೇಳಲು ಬರುವುದಿಲ್ಲ. ಶ್ರಾವಕರ ವ್ರತ ಮನೆಯ ಅಡಿಗೆಯಲ್ಲಿ ಇರಬೇಕು, ಪ್ರಮಾಣವಚನ ಸ್ವೀಕರಿಸಿದ ಮೇಲೆ ಕ್ಷೇತ್ರದ ಜನ ಮುಖ್ಯ. ಟಿಕೆಟ್ ಕೇಳುವ ಮೊದಲೇ ಇದನ್ನು ತೀರ್ಮಾನ ಮಾಡಿಕೊಂಡಿರಬೇಕು.

2016ರ ಜೂನ್‌ನಲ್ಲಿ ಮಂತ್ರಿಮಂಡಲ ಪುನರ್ರಚನೆಯಾದಾಗ ಅವರು ಸ್ಥಾನ ಕಳೆದುಕೊಂಡರು. 2018ರಲ್ಲಿ ಉಮಾನಾಥ ಕೋಟ್ಯಾನ್ ಅವರೆದುರು ಸೋತರು. 2023ರಲ್ಲಿ ಕಾಂಗ್ರೆಸ್ ಅಲ್ಲಿ ಮಿಥುನ್ ರೈ ಅವರನ್ನು ಕಣಕ್ಕಿಳಿಸಿತು.

ಧರ್ಮಸ್ಥಳದ ಹೆಗ್ಗಡೆ ಮನೆತನದ ರತ್ನವರ್ಮ ಹೆಗ್ಗಡೆಯವರು 1957ರಲ್ಲಿ ಬೆಳ್ತಂಗಡಿಯಿಂದ ಕಾಂಗ್ರೆಸ್ ಶಾಸಕರಾಗಿದ್ದರು. ಅವರ ಪುತ್ರ ಡಾ. ಡಿ. ವೀರೇಂದ್ರ ಹೆಗ್ಗಡೆಯವರನ್ನು 2022ರ ಜುಲೈನಲ್ಲಿ ರಾಜ್ಯಸಭೆಗೆ ನಾಮಕರಣ ಮಾಡಲಾಯಿತು. ಇಳಯರಾಜ, ಪಿ.ಟಿ. ಉಷಾ, ವಿ. ವಿಜಯೇಂದ್ರ ಪ್ರಸಾದ್ ಅವರ ಹೆಸರುಗಳೂ ಆಗಲೇ ಬಂದವು. ತಂದೆಯವರು ಜನರಿಂದ ಆರಿಸಿ ಬಂದವರು, ಮಗ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜ ಸೇವೆಯ ಕ್ಷೇತ್ರಗಳಿಂದ ರಾಷ್ಟ್ರಪತಿಗಳು ಹೆಸರಿಸುವ 12 ಮಂದಿಯಲ್ಲಿ ಒಬ್ಬರು. ಸನ್ಮಾನ ಪತ್ರಗಳಲ್ಲಿ 'ಚುನಾಯಿತ ಸಂಸದ' ಎಂದು ಬರೆಯುವವರು ಈ ವ್ಯತ್ಯಾಸ ಗಮನಿಸಬೇಕು.

ಹಿರಿಯೂರು

ಚಿತ್ರದುರ್ಗ ಜಿಲ್ಲೆಯ ಡಿ. ಸುಧಾಕರ್ ಅವರ ರಾಜಕೀಯ ಜೀವನವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಜೈನ ಜನಸಂಖ್ಯೆ ಎಂಬುದೇ ಲೆಕ್ಕಕ್ಕೆ ಬಾರದ ಬಯಲುಸೀಮೆಯಲ್ಲಿ ಅವರು ಎರಡು ಕ್ಷೇತ್ರಗಳಿಂದ ಗೆದ್ದವರು.

2004ರಲ್ಲಿ ಎಣ್ಣೆ ಮಿಲ್ಲುಗಳ ಊರು ಚಳ್ಳಕೆರೆಯಿಂದ ಕಾಂಗ್ರೆಸ್ ಶಾಸಕರಾದರು. 2008ರ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆ ಬಂದು ಚಳ್ಳಕೆರೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಗೆದ್ದ ಕ್ಷೇತ್ರವೇ ಕೈತಪ್ಪಿತು. ಅದೇ ಮರುವಿಂಗಡಣೆಯಲ್ಲಿ ಪಕ್ಕದ ಹಿರಿಯೂರು, ಅಲ್ಲಿಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದದ್ದು, ಸಾಮಾನ್ಯ ಕ್ಷೇತ್ರವಾಯಿತು. ಸುಧಾಕರ್ ಅಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. ಪಕ್ಷದ ಚಿಹ್ನೆಯಿಲ್ಲ, ಜಾತಿಯ ಬಲವಿಲ್ಲ, ಕ್ಷೇತ್ರ ಹೊಸದು. ಈ ಮೂರೂ ಇಲ್ಲದೆ ಗೆದ್ದದ್ದನ್ನು ನೋಡಿದರೆ ಹಳ್ಳಿ ಹಳ್ಳಿಯ ಸಂಪರ್ಕವೇ ಅವರ ಬಂಡವಾಳವಾಗಿತ್ತು ಎನ್ನಬೇಕು.

ಆ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ 110 ಸ್ಥಾನ ಬಂದಿತ್ತು. ಬಹುಮತಕ್ಕೆ 113 ಬೇಕು. ಬಿ.ಎಸ್. ಯಡಿಯೂರಪ್ಪ ಅವರ ಸರ್ಕಾರ ನಿಂತದ್ದು ಪಕ್ಷೇತರರ ಬೆಂಬಲದಿಂದ. ಅವರಲ್ಲಿ ಐವರು ಮಂತ್ರಿಗಳಾದರು. ಸುಧಾಕರ್ ಅವರಿಗೆ ಸಮಾಜ ಕಲ್ಯಾಣ ಖಾತೆ ಸಿಕ್ಕಿತು. 2010ರ ಅಕ್ಟೋಬರಿನಲ್ಲಿ ಪಕ್ಷದ 11 ಶಾಸಕರೂ ಈ ಐವರು ಪಕ್ಷೇತರರೂ ಬೆಂಬಲ ವಾಪಸ್ ಪಡೆದರು. ವಿಶ್ವಾಸಮತದ ಮುನ್ನಾದಿನ ಸ್ಪೀಕರ್ ಕೆ.ಜಿ. ಬೋಪಯ್ಯ ಹದಿನಾರೂ ಜನರನ್ನು ಅನರ್ಹಗೊಳಿಸಿದರು.

ಪಕ್ಷೇತರರ ಮೇಲಿನ ಆರೋಪ ಬೇರೆ ತರಹದ್ದು. ಪಕ್ಷೇತರನಾಗಿ ಗೆದ್ದವನು ನಂತರ ಒಂದು ಪಕ್ಷ ಸೇರಿದರೆ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ಶಾಸಕತ್ವ ಹೋಗುತ್ತದೆ. ಮಂತ್ರಿಯಾಗಿ ಆಡಳಿತ ಪಕ್ಷದವರ ಜೊತೆ ಕುಳಿತಿರಿ, ಅವರ ಸಭೆಗಳಿಗೆ ಹೋದಿರಿ, ಆದ್ದರಿಂದ ಪಕ್ಷ ಸೇರಿದಂತೆಯೇ ಎಂಬುದು ವಾದ. ಹೈಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಅದನ್ನು ರದ್ದುಮಾಡಿತು. ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷೇತರ ಶಾಸಕ ಆ ಪಕ್ಷದ ಸದಸ್ಯನಾಗುವುದಿಲ್ಲ ಎಂಬುದು ತೀರ್ಪಿನ ಸಾರ. ಸ್ಪೀಕರ್ ಅವಸರ ಮಾಡಿದ್ದನ್ನೂ ನ್ಯಾಯಾಲಯ ಒಪ್ಪಲಿಲ್ಲ. ಈ ಪ್ರಕರಣ ಕಾನೂನು ಪುಸ್ತಕಗಳಲ್ಲಿ 'ಡಿ. ಸುಧಾಕರ್ ವಿರುದ್ಧ ಡಿ.ಎನ್. ಜೀವರಾಜ್' ಎಂಬ ಹೆಸರಿನಲ್ಲಿಯೇ ಇದೆ. ದೇಶದ ಯಾವ ರಾಜ್ಯದಲ್ಲಿ ಪಕ್ಷೇತರ ಮಂತ್ರಿಯ ಪ್ರಶ್ನೆ ಎದ್ದರೂ ವಕೀಲರು ಹಿರಿಯೂರು ಶಾಸಕರ ಈ ಪ್ರಕರಣವನ್ನು ತೆಗೆದು ನೋಡಬೇಕಾಗುತ್ತದೆ.

2013ರಲ್ಲಿ ಅವರು ಕಾಂಗ್ರೆಸ್‌ನಿಂದ ಹಿರಿಯೂರಿನಲ್ಲಿ ಮತ್ತೆ ಗೆದ್ದರು. 2018ರಲ್ಲಿ ಕೆ. ಪೂರ್ಣಿಮಾ ಅವರೆದುರು ಸೋತರು. 2023ರಲ್ಲಿ ಅವರನ್ನೇ ಸೋಲಿಸಿ ಗೆದ್ದು ಯೋಜನೆ ಮತ್ತು ಸಾಂಖ್ಯಿಕ ಖಾತೆಯ ಸಚಿವರಾದರು. ಈ ಕ್ಷೇತ್ರದಲ್ಲಿ ಯಾರೇ ಶಾಸಕರಾಗಲಿ ನೀರಿನ ಮಾತಿಲ್ಲದೆ ರಾಜಕೀಯವಿಲ್ಲ. ವೇದಾವತಿಗೆ ಅಡ್ಡಲಾಗಿರುವ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ.

ಬೆಳಗಾವಿ ಮತ್ತು ಗಡಿಯಾಚೆ

ಬೆಳಗಾವಿಯ ಅಭಯ ಪಾಟೀಲ ಅವರಿಗೂ ಮರುವಿಂಗಡಣೆಯ ಬಿಸಿ ತಟ್ಟಿದೆ. 2004ರಲ್ಲಿ ಅವರು ಗೆದ್ದ ಬಾಗೇವಾಡಿ ಕ್ಷೇತ್ರ 2008ರಲ್ಲಿ ಇಲ್ಲವೇ ಆಯಿತು. ಅವರು ಹೊಸ ಬೆಳಗಾವಿ ದಕ್ಷಿಣ ಕ್ಷೇತ್ರಕ್ಕೆ ಬಂದು ಗೆದ್ದರು. ಶಹಾಪುರ, ವಡಗಾವಿ, ಖಾಸಬಾಗದ ನೇಕಾರರ ಓಣಿಗಳು ಇರುವ, ಮರಾಠಿ ಮಾತಾಡುವವರು ದೊಡ್ಡ ಸಂಖ್ಯೆಯಲ್ಲಿರುವ ಕ್ಷೇತ್ರ ಇದು. 2013ರಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಸಂಭಾಜಿ ಪಾಟೀಲ ಅವರೆದುರು ಸೋತ ಅಭಯ ಪಾಟೀಲ, 2018 ಮತ್ತು 2023ರಲ್ಲಿ ಭಾರತೀಯ ಜನತಾ ಪಕ್ಷದಿಂದಲೇ ಮರಳಿ ಗೆದ್ದರು. ಇಲ್ಲಿ ಚುನಾವಣೆ ಎಂದರೆ ಭಾಷೆಯ ಪ್ರಶ್ನೆ ಮುಂದೆ ಬರುತ್ತದೆ, ಧರ್ಮ ಯಾವುದು ಎಂದು ಕೇಳುವವರು ಕಡಿಮೆ.

ಇದೇ ಭಾಗದ ಹಳೆಯ ಹೆಸರು ಅಣ್ಣಾಸಾಹೇಬ ಲಠ್ಠೆ. ಕುರುಂದವಾಡದಲ್ಲಿ ಜನಿಸಿದ ಅವರು ಕೊಲ್ಹಾಪುರ ಸಂಸ್ಥಾನದ ದಿವಾನರಾಗಿದ್ದರು. ನಿಪ್ಪಾಣಿ ಹತ್ತಿರದ ಸ್ತವನಿಧಿಯಲ್ಲಿ 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಪ್ರಮುಖರಲ್ಲಿ ಒಬ್ಬರು. 1937ರಲ್ಲಿ ಬೆಳಗಾವಿ ಜಿಲ್ಲೆಯಿಂದ ಮುಂಬಯಿ ಪ್ರಾಂತದ ಶಾಸನಸಭೆಗೆ ಹೋಗಿ, ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲದಲ್ಲಿ ಹಣಕಾಸು ಮಂತ್ರಿಯಾದರು. ಆ ಸರ್ಕಾರ 1939ರಲ್ಲಿ ಮುಂಬಯಿಯಲ್ಲಿ ಪಾನನಿರೋಧ ತಂದಿತು. ಮದ್ಯ ನಿಲ್ಲಿಸಬೇಕು ಎನ್ನುವವರು ಬಹಳ ಜನ, ನಿಂತಾಗ ಬೀಳುವ ಹಣದ ಖೋತಾ ತುಂಬುವುದು ಹಣಕಾಸು ಮಂತ್ರಿಯ ತಲೆನೋವು. ನಗರದ ಸ್ಥಿರಾಸ್ತಿಗಳ ಮೇಲೆ ತೆರಿಗೆ ಹಾಕಿ ಆ ಕೊರತೆ ತುಂಬಲು ನೋಡಿದರು. ಮನೆ, ಮಳಿಗೆ ಇದ್ದ ವ್ಯಾಪಾರಿಗಳಿಗೆ ಅದು ರುಚಿಸಿರಲಿಕ್ಕಿಲ್ಲ. ಅವರಲ್ಲಿ ಜೈನರು ಕಡಿಮೆ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಸಮಾಜದವರು ಮಂತ್ರಿಯಾದರೆ ಸಮಾಜದವರಿಗೆ ಲಾಭ ಎಂದು ಎಣಿಸುವವರು ಲಠ್ಠೆಯವರ ಆಯವ್ಯಯವನ್ನು ಓದಬೇಕು.

ಗಡಿ ದಾಟಿದರೆ ಶಿರೋಳ, ಹಾತಕಣಂಗಲೆ ತಾಲೂಕುಗಳು. ಕಬ್ಬು ಬೆಳೆಯುವ ಜೈನ ರೈತರು, ಮನೆಯಲ್ಲಿ ಕನ್ನಡ ಮಾತಾಡುವವರೂ ಇರುವ ಪ್ರದೇಶ. ಅಲ್ಲಿಂದ ಬಂದವರು ರಾಜು ಶೆಟ್ಟಿ. 2004ರಲ್ಲಿ ಶಿರೋಳದ ಶಾಸಕರು, 2009 ಮತ್ತು 2014ರಲ್ಲಿ ಹಾತಕಣಂಗಲೆಯ ಸಂಸದರು. ಸ್ವಾಭಿಮಾನಿ ಶೇತಕರಿ ಸಂಘಟನೆ ಕಟ್ಟಿ ಕಬ್ಬಿನ ದರಕ್ಕಾಗಿ ಕಾರ್ಖಾನೆಗಳ ವಿರುದ್ಧ ಬೀದಿಗಿಳಿದವರು. ಅದೇ ಭಾಗದ ಇಚಲಕರಂಜಿಯ ಕಲ್ಲಪ್ಪಣ್ಣ ಆವಾಡೆ ಮನೆತನ ಸಹಕಾರಿ ಕಾರ್ಖಾನೆಗಳನ್ನು ನಡೆಸಿ ರಾಜಕೀಯಕ್ಕೆ ಬಂದದ್ದು. ಒಬ್ಬರು ಕಬ್ಬಿನ ಗದ್ದೆಯ ಕಡೆಯಿಂದ, ಇನ್ನೊಬ್ಬರು ಕಾರ್ಖಾನೆಯ ಕಡೆಯಿಂದ. ಇಬ್ಬರೂ ಜೈನರೇ.

ವಯನಾಡಿನ ಗೌಡರ್ ಮನೆತನಗಳು

ಕೇರಳದ ವಯನಾಡಿನಲ್ಲಿ ಕರ್ನಾಟಕದಿಂದ ಹಿಂದೆ ವಲಸೆ ಹೋದ ದಿಗಂಬರ ಜೈನರಿದ್ದಾರೆ. ಗೌಡರ್ ಎಂಬುದು ಅಲ್ಲಿನ ಅಡ್ಡಹೆಸರು. ಕಾಫಿ ತೋಟದ ಒಡೆಯರು, ಸಂಖ್ಯೆಯಲ್ಲಿ ತೀರ ಕಡಿಮೆ. ಆದರೂ 1957ರಲ್ಲಿ ಎಂ.ಕೆ. ಜಿನಚಂದ್ರನ್ ತಲಶ್ಶೇರಿಯಿಂದ ಕಾಂಗ್ರೆಸ್ ಸಂಸದರಾದರು. ಅವರೆದುರು ಸೋತವರು ಮಲಯಾಳದ ಹೆಸರಾಂತ ಲೇಖಕ ಎಸ್.ಕೆ. ಪೊಟ್ಟೆಕ್ಕಾಟ್.

ಎಂ.ಪಿ. ವೀರೇಂದ್ರ ಕುಮಾರ್ (1936-2020) ಕಲ್ಪೆಟ್ಟದವರು, ಸಮಾಜವಾದಿ, ಮಾತೃಭೂಮಿ ಪತ್ರಿಕೆಯ ಮುಖ್ಯಸ್ಥರು. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋಗಿದ್ದರು. 1987ರಲ್ಲಿ ಕಲ್ಪೆಟ್ಟದಿಂದ ಶಾಸಕರಾಗಿ ಅರಣ್ಯ ಮಂತ್ರಿಯಾದರು. ಕಾಡಿನ ಮರ ಕಡಿಯಬಾರದು ಎಂದು ಆದೇಶ ಹೊರಡಿಸಿದರು. ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. 1996 ಮತ್ತು 2004ರಲ್ಲಿ ಕೋಯಿಕ್ಕೋಡಿನಿಂದ ಲೋಕಸಭೆಗೆ ಆರಿಸಿ ಬಂದರು. ದೇವೇಗೌಡ, ಗುಜ್ರಾಲ್ ಸರ್ಕಾರಗಳ ಕಾಲದಲ್ಲಿ ಕೇಂದ್ರದಲ್ಲಿ ಹಣಕಾಸು, ನಂತರ ಕಾರ್ಮಿಕ ಖಾತೆಯ ರಾಜ್ಯ ಸಚಿವರಾಗಿದ್ದರು. ಹಿಮಾಲಯ ಪ್ರವಾಸದ ಕೃತಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುತ್ರ ಎಂ.ವಿ. ಶ್ರೇಯಾಂಸ್ ಕುಮಾರ್ ಎರಡು ಬಾರಿ ಕಲ್ಪೆಟ್ಟ ಶಾಸಕರಾಗಿ ನಂತರ ರಾಜ್ಯಸಭೆಗೂ ಹೋದರು. ಹನ್ನೊಂದನೆಯ ತೀರ್ಥಂಕರರ ಹೆಸರನ್ನು ಮಗನಿಗಿಟ್ಟ ಮನೆತನವನ್ನು ಕೇರಳದ ಜನ ಗುರುತಿಸಿದ್ದು ಸಮಾಜವಾದದಿಂದ, ಪತ್ರಿಕೆಯಿಂದ.

ಪೇಟೆಯ ಜೈನರು

ವಲಸೆ ಬಂದ ವ್ಯಾಪಾರಿ ಕುಟುಂಬಗಳಿಂದ ನೇರ ಚುನಾವಣೆಗೆ ನಿಂತು ಗೆಲ್ಲುವುದು ಇನ್ನೂ ಕಷ್ಟ. ಅಲ್ಲಿ ಮೇಲ್ಮನೆಯ ದಾರಿ ಇದೆ. ರಾಜಸ್ಥಾನ ಮೂಲದ ಲೆಹರ್ ಸಿಂಗ್ ಸಿರೋಯಾ ಬಹಳ ವರ್ಷ ಪಕ್ಷದ ಕೆಲಸ ಮಾಡಿ, ವಿಧಾನ ಪರಿಷತ್ ಸದಸ್ಯರಾಗಿದ್ದು, 2022ರ ಜೂನ್‌ನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆರಿಸಿ ಬಂದರು. ಈ ಚುನಾವಣೆಯಲ್ಲಿ ಮತ ಹಾಕುವವರು ಶಾಸಕರು. ಆದ್ದರಿಂದ ಜನಸಂಖ್ಯೆಗಿಂತ ಪಕ್ಷದ ನಂಬಿಕೆ ಮುಖ್ಯ. ದೇಣಿಗೆ ಕೊಟ್ಟು ಕೈಮುಗಿದು ಬರುವುದಷ್ಟೇ ರಾಜಕೀಯ ಎಂದುಕೊಂಡಿರುವ ಪೇಟೆಯ ಯುವಕರು ಪಕ್ಷದ ಕಚೇರಿಯಲ್ಲಿ ದಿನಗಟ್ಟಲೆ ಕುಳಿತು ಕೆಲಸ ಮಾಡುವುದೂ ಒಂದು ದಾರಿ ಎಂದು ತಿಳಿಯಬೇಕು.

ಮುಂದಿನ ಮರುವಿಂಗಡಣೆ

ಇಲ್ಲಿ ಪರಿಚಯಿಸಿದ ಜೈನ ಪ್ರತಿನಿಧಿಗಳಲ್ಲಿ ಒಬ್ಬ ಮಹಿಳೆಯೂ ಇಲ್ಲ. ಪ್ರತಿ ಸಮಾರಂಭದಲ್ಲೂ ಅತ್ತಿಮಬ್ಬೆ, ರಾಣಿ ಅಬ್ಬಕ್ಕನ ಹೆಸರು ಹೇಳುವ ಸಮಾಜಕ್ಕೆ ಇದು ಶೋಭೆಯಲ್ಲ. 2023ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳ ಮೂರನೇ ಒಂದು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುತ್ತದೆ. ಹೊಸ ಜನಗಣತಿ ಮತ್ತು ಮರುವಿಂಗಡಣೆಯ ನಂತರ ಅದು ಜಾರಿಗೆ ಬರುವಂತೆ ಬರೆಯಲಾಗಿದೆ. ಅಂದರೆ 2008ರಲ್ಲಿ ಚಳ್ಳಕೆರೆ, ಬಾಗೇವಾಡಿಗೆ ಆದದ್ದು ಇನ್ನೊಮ್ಮೆ, ಇನ್ನೂ ದೊಡ್ಡ ಪ್ರಮಾಣದಲ್ಲಿ ಆಗುತ್ತದೆ. ಒಬ್ಬರು ಶಾಸಕರು ಇಪ್ಪತ್ತು ವರ್ಷ ಓಡಾಡಿದ ಕ್ಷೇತ್ರ ಮೀಸಲಾಗಬಹುದು, ಹೋಳಾಗಬಹುದು. ಕರಡು ಪಟ್ಟಿ ಹೊರಟಾಗ ಆಕ್ಷೇಪಣೆ ಸಲ್ಲಿಸಲು ಸಾರ್ವಜನಿಕರಿಗೆ ಅವಕಾಶ ಕೊಡುತ್ತಾರೆ. ಹಳ್ಳಿಗಳ ಹೆಸರು, ಗಡಿ, ಜನಸಂಖ್ಯೆ ಹಿಡಿದು ಬರೆದ ಅರ್ಜಿಗೆ ಅಲ್ಲಿ ಬೆಲೆ ಇದೆ. ಆ ಕೆಲಸಕ್ಕೆ ಪ್ರತಿ ತಾಲೂಕಿನ ಜೈನ ಸಂಘದಲ್ಲಿ ಇಬ್ಬರನ್ನಾದರೂ ಈಗಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕೊನೆಗೆ, ಸಂಘಗಳಿಂದ ಪದೇ ಪದೇ ಬರುವ ಒಂದು ಪ್ರಶ್ನೆ. ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದು 5 ಕೋಟಿ. ಲೋಕಸಭಾ ಸದಸ್ಯರು ತಮ್ಮ ಕ್ಷೇತ್ರದಲ್ಲಿ, ರಾಜ್ಯಸಭೆಗೆ ಆರಿಸಿ ಬಂದವರು ರಾಜ್ಯದ ಯಾವುದೇ ಜಿಲ್ಲೆಯಲ್ಲಿ, ನಾಮಕರಣಗೊಂಡವರು ದೇಶದ ಎಲ್ಲಿಯಾದರೂ ಕೆಲಸ ಶಿಫಾರಸು ಮಾಡಬಹುದು. ಆದರೆ ಸಂಸದರ ನಿಧಿಯನ್ನು ಬಸದಿ, ದೇವಸ್ಥಾನ, ಮಸೀದಿ ಯಾವುದೇ ಪ್ರಾರ್ಥನಾ ಸ್ಥಳದ ಒಳಗಿನ ಕೆಲಸಕ್ಕಾಗಲಿ ಅದರ ಜಾಗದಲ್ಲಾಗಲಿ ಬಳಸಲು ನಿಯಮ ಬಿಡುವುದಿಲ್ಲ. ಜೀರ್ಣೋದ್ಧಾರದ ಅರ್ಜಿ ಹಿಡಿದು ಸಂಸದರ ಮನೆ ಬಾಗಿಲಿಗೆ ಹೋಗಿ, ಸಿಗಲಿಲ್ಲ ಎಂದು ಬೇಸರಪಟ್ಟುಕೊಳ್ಳುವ ಬದಲು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮೊದಲು ವಿಚಾರಿಸಬೇಕು. ಊರಿನ ರಸ್ತೆ, ಶಾಲೆಯ ಕೊಠಡಿ, ಕುಡಿಯುವ ನೀರಿನ ಘಟಕದ ಬೇಡಿಕೆಯನ್ನು ಸಂಸದರ ಮುಂದಿಡಬಹುದು.